ನಾಲ್ಕನೆಯ ಮೇಜಿನ ಗೊರಕೆ

ಆ ದಿನ ಬೆಳಿಗ್ಗೆ ಆಸ್ಪತ್ರೆಯ ಗುಮಾಸ್ತ ಒಬ್ಬ ಜೀವಂತ ಮನುಷ್ಯನನ್ನು ಸಾಯಿಸಿಬಿಟ್ಟ. ಗುಣವಾಗಿ ಮನೆಗೆ ಹೊರಟವನ ಹೆಸರನ್ನು ತೂಕಡಿಸುತ್ತಾ ಮರಣದ ರಿಜಿಸ್ಟರಿಗೆ ಏರಿಸಿದ್ದ. ಸತ್ತವನೇ ಕಿಟಕಿಯ ಹತ್ತಿರ ಬಂದು, "ಸ್ವಾಮಿ, ನನ್ನ ಹೆಣ ತಗೊಂಡೋಗೋಕೆ ನಮ್ಮನೆಯವಳನ್ನ ಕರೆಸಿದೀರಂತೆ. ನಾನೇ ನಡ್ಕೊಂಡು ಹೋಗ್ಲಾ?" ಎಂದು ವಿನಯದಿಂದ ಕೇಳಿದ.

ದೊಡ್ಡ ಡಾಕ್ಟರು ಕರೆಸಿದರು. ಅವರ ಕಣ್ಣು ಕೆಂಪಗಿತ್ತು. ಸಿಟ್ಟಿಗೆ ಎಂದುಕೊಂಡ ಗುಮಾಸ್ತ.

"ಇನ್ನೊಂದ್ಸಲ ಹೀಗಾದ್ರೆ ನೀವು ಕೆಲಸಕ್ಕೆ ಬರೋದೇ ಬೇಡ."

ಪಾಪ, ಅವನೇನು ಮಾಡಿಯಾನು? ನೂಲಿನ ಗಿರಣಿಯಲ್ಲಿ ದುಡಿದು ಬರುವ ಹೆಂಡತಿ ದಿಂಬಿಗೆ ತಲೆ ಕೊಟ್ಟಳೆಂದರೆ ಗಿರಣಿಯೇ ಮನೆಗೆ ಬಂದಂತೆ ಗೊರಕೆ. ಅದನ್ನಾದರೂ ಸಹಿಸಬಹುದಿತ್ತು. ನಡುನಡುವೆ ಗೊರಕೆ ತಟ್ಟನೆ ನಿಂತುಹೋಗುತ್ತಿತ್ತು. ಆಗ ಇವನು ಉಸಿರು ಬಿಗಿಹಿಡಿದು ಮುಂದಿನದಕ್ಕೆ ಕಾಯುತ್ತಿದ್ದ. ಅದು ಬಂದ ಮೇಲೆ ಹೋದ ಜೀವ ಬರುತ್ತಿತ್ತು, ನಿದ್ದೆ ಮಾತ್ರ ಬರುತ್ತಿರಲಿಲ್ಲ.

ಸಲಹೆಗೇನೂ ಬರವಿರಲಿಲ್ಲ. ಔಷಧಿ ಕೌಂಟರಿನವನು ಕಿವಿಗೆ ಹತ್ತಿ ಕೊಟ್ಟಿದ್ದ. ಎಕ್ಸ್‌ರೇಯವನು ದಿಂಬು ಬದಲಾಯಿಸಲು ಹೇಳಿದ್ದ. ಕೊನೆಗೆ ವಾರ್ಡಿನ ಆಯಮ್ಮ ದನಿ ತಗ್ಗಿಸಿ, "ಊಟದ ಹೊತ್ತಲ್ಲಿ ಹೆಣದ ರೂಮಲ್ಲಿ ಹೋಗಿ ಮಲಗಿ. ತಣ್ಣಗಿರುತ್ತೆ. ಅಲ್ಲಿರೋರು ಯಾರೂ ಗೊರಕೆ ಹೊಡೆಯಲ್ಲ" ಎಂದಳು.

"ತಮಾಷೆ ಮಾಡ್ಬೇಡಮ್ಮ."

"ತಮಾಷೆ ಏನು ಬಂತು? ಬೀಗದ ಕೈ ನಿಮ್ಮತ್ರಾನೇ ಇದೆಯಲ್ಲ."

ಮಧ್ಯಾಹ್ನ ಅವನು ಶವಾಗಾರದ ಬಾಗಿಲು ತೆರೆದು ಒಳಹೋಗಿ, ಮತ್ತೆ ಬೀಗ ತಿರುಗಿಸಿದ. ಮೂಲೆಯಲ್ಲೊಂದು ಮಂಕು ದೀಪ. ಉಕ್ಕಿನ ಮೇಜುಗಳು ನಾಲ್ಕು. ಸುತ್ತಮುತ್ತ ನೋಡಲು ಧೈರ್ಯ ಸಾಲದೆ ಖಾಲಿಯಿದ್ದ ಮೂರನೆಯದನ್ನು ಹತ್ತಿ, ಬಿಳಿ ಬಟ್ಟೆಯನ್ನು ಮುಖದವರೆಗೆ ಎಳೆದುಕೊಂಡ. ಎಷ್ಟು ತಿಂಗಳಾಗಿತ್ತು ಇಂಥ ನಿಶ್ಶಬ್ದ ಕೇಳಿ. ಕಣ್ಣೆವೆ ಕೂಡಿತು.

ಆಗ ಪಕ್ಕದಲ್ಲೇ ಗೊರಕೆ ಎದ್ದಿತು.

ನಿದ್ದೆಗಣ್ಣಿನ ಗುಮಾಸ್ತ ಅಭ್ಯಾಸಬಲದಿಂದ ಕೈಚಾಚಿ ತಿವಿದ. "ಸ್ವಲ್ಪ ಆ ಕಡೆ ತಿರ್ಗೇ."

ಗೊರಕೆ ನಿಂತಿತು. ಕೈಗೆ ತಾಕಿದ್ದು ಮೇಜಿನ ತಣ್ಣನೆಯ ಅಂಚು, ಅದರ ಮೇಲೆ ಬಟ್ಟೆ, ಬಟ್ಟೆಯೊಳಗೆ ಒಂದು ಭುಜ. ತಾನೆಲ್ಲಿದ್ದೇನೆಂಬುದು ಆಗ ನೆನಪಾಯಿತು. ರಿಜಿಸ್ಟರಿನಲ್ಲಿ ಹೆಣಗಳು ಎರಡೇ. ಅವೆರಡೂ ಮೊದಲ ಎರಡು ಮೇಜುಗಳ ಮೇಲಿವೆ. ಮೂರನೆಯದು ತಾನು. ಹಾಗಾದರೆ ಇದು ಯಾರು? 

ಬಟ್ಟೆಯೊಳಗಿನಿಂದ ದನಿ ಬಂತು. "ತಿರುಗಿದೀನಲ್ಲೇ, ಇನ್ನೆಷ್ಟು ತಿರುಗ್ಲಿ?"

ಗುಮಾಸ್ತ ಕಿರುಚಿದ. ಹೆಣವೂ ಕಿರುಚುತ್ತಾ ಎದ್ದು ಕುಳಿತಿತು. ನೋಡಿದರೆ ದೊಡ್ಡ ಡಾಕ್ಟರು. ಕೊರಳಲ್ಲಿ ಇನ್ನೊಂದು ಬೀಗದ ಕೈ.

"ಗೊರಕೆ ಹೊಡಿತೀನಿ ಅಂತ ನಮ್ಮನೆಯವರು ರಾತ್ರಿಯೆಲ್ಲ ತಿವೀತಾರೆ ಕಣ್ರೀ" ಎಂದರು ಅವರು, ಅಳುವವರಂತೆ. "ಇಲ್ಲಿ ಯಾರೂ ತಿವೀತಿರಲಿಲ್ಲ. ನೀವು ನನ್ನ ನೋಡಿಲ್ಲ, ನಾನು ನಿಮ್ಮನ್ನ ನೋಡಿಲ್ಲ. ಆಯ್ತಾ?"

ಗುಮಾಸ್ತನಿಗೆ ಎಲ್ಲಿಲ್ಲದ ಧೈರ್ಯ ಬಂತು. "ಆಯ್ತು ಸಾರ್. ನನಗೆ ರಾತ್ರಿ ಪಾಳಿ ಹಾಕಿಕೊಡಿ. ಹಗಲು ಹೆಂಡತಿ ಗಿರಣೀಲಿರ್ತಾಳೆ, ಮನೇಲಿ ಮಲಗ್ತೀನಿ."

ಡಾಕ್ಟರು ಅಲ್ಲೇ ಆರು ತಿಂಗಳ ಆದೇಶ ಬರೆದುಕೊಟ್ಟರು. "ನಡುವೆ ಬದಲಾಯಿಸಿ ಅಂತ ಬಂದ್ರೆ ಕೆಲಸಾನೇ ಇರಲ್ಲ."

ಸಂಜೆ ಅವನು ಕುಣಿಯುತ್ತಾ ಮನೆಗೆ ಬಂದ. ಹೆಂಡತಿ ಆಗಲೇ ಬಂದಿದ್ದಳು. ಅವಳ ಮುಖ ಅರಳಿತ್ತು.

"ನನ್ನಿಂದ ನೀವು ನಿದ್ದೆಗೆಟ್ಟು ಕಡ್ಡಿಯಾಗಿದೀರಿ. ನೋಡಿ ನೋಡಿ ಹೊಟ್ಟೆ ಉರಿದುಹೋಯ್ತು ಕಣ್ರೀ. ಮೇಸ್ತ್ರಿ ಕೈಕಾಲು ಹಿಡಿದು ಆರು ತಿಂಗಳು ರಾತ್ರಿ ಪಾಳಿ ಹಾಕಿಸ್ಕೊಂಡೆ. ನಾಳೆಯಿಂದ ರಾತ್ರಿ ನೀವು ಮಲಗಿ, ಹಗಲು ನಾನು ಮಲಗ್ತೀನಿ."

ಗುಮಾಸ್ತ ಜೇಬಿನೊಳಗಿನ ಕಾಗದವನ್ನು ಮುಟ್ಟಿ ನೋಡಿಕೊಂಡ. ಅವಳ ಪ್ರೀತಿಗೆ ಅವನ ಕಣ್ಣು ತುಂಬಿತು, ತನ್ನ ಗತಿಗೆ ಇನ್ನಷ್ಟು ತುಂಬಿತು.

ಮೊದಲ ಪಾಳಿ ಮುಗಿದ ಬೆಳಿಗ್ಗೆ ಇಬ್ಬರೂ ಪರದೆ ಎಳೆದು ಒಂದೇ ಮಂಚದಲ್ಲಿ ಮಲಗಿದರು. ಗೊರಕೆ ಎದ್ದಿತು, ಏರಿತು, ತಟ್ಟನೆ ನಿಂತಿತು. ಗುಮಾಸ್ತ ಹೊದಿಕೆಯನ್ನು ಮುಖದವರೆಗೆ ಎಳೆದುಕೊಂಡು ಮುಂದಿನದಕ್ಕೆ ಕಾಯತೊಡಗಿದ. ಶವಾಗಾರದ ಬೀಗದ ಕೈಯನ್ನು ಹಗಲು ಪಾಳಿಯವನಿಗೆ ಒಪ್ಪಿಸಿ ಬಂದಿದ್ದ.