ಹನ್ನೊಂದು ಷರತ್ತಿನ ದಾನಪತ್ರ

ಅವರೆಕಾಳಿನ ಉಪ್ಪಿಟ್ಟು ಅಷ್ಟು ರುಚಿಯಾಗಿ ಆಗದೆ ಹೋಗಿದ್ದರೆ ನಾಗಲಿಂಗಯ್ಯನವರು ಆ ಸೋಮವಾರ ಮನೆ ದಾನ ಮಾಡಲು ಹೊರಡುತ್ತಲೇ ಇರಲಿಲ್ಲ. ಮೂರನೇ ಸಲ ಬಡಿಸಿಕೊಂಡು ತಿಂದು, ಹೊಟ್ಟೆಯ ಜೊತೆ ಮನಸ್ಸೂ ಅಗಲವಾಗಿದ್ದ ಹೊತ್ತಿಗೆ ಸರಿಯಾಗಿ ಮಧುಗಿರಿ ಪುರಸಭೆಯ ಆಟೋ, "ಇ-ಖಾತೆ ಮಾಡಿಸದವರು ಕೂಡಲೇ ಮಾಡಿಸಿಕೊಳ್ಳಿ" ಎಂದು ಕೂಗುತ್ತಾ ಬೀದಿಯಲ್ಲಿ ಹೋಯಿತು.

"ಹೆಂಗೂ ಮಾಡಿಸ್ಬೇಕಲ್ಲ, ರಂಜು ಹೆಸ್ರಿಗೇ ಮಾಡಿಸ್ಬುಡಾಣ," ಎಂದರು ಹೆಂಡತಿ ಇಂದ್ರಮ್ಮ.

"ಇವತ್ತೇ ಮಾಡ್ಸಾಣ! ನನ್ನ ಮನೆ, ನನ್ನ ಮಗಳು. ಯಾರಪ್ಪನ್ನ ಕೇಳ್ಬೇಕು?"

ಮಗಳು ಶಿವರಂಜನಿ ಕೊರಟಗೆರೆಯ ಆಸ್ಪತ್ರೆಯಲ್ಲಿ ನರ್ಸು. ಬಸ್ಸಿಗೆ ಹೊರಟವಳು ಹೊಸ್ತಿಲಲ್ಲೇ ನಿಂತಳು. "ನಿಜವಾಗ್ಲೂನಾ ಅಪ್ಪಾ?" ಎಂದವಳ ಮುಖ ಅರಳಿತು. ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಮೂರು ಗಂಟೆಗೆ ಪತ್ರ ಬರೆಯುವವರ ಹತ್ತಿರ ಬರುತ್ತೇನೆಂದು ಹೇಳಿ ಓಡಿದಳು. ನಾಗಲಿಂಗಯ್ಯ ಮೂವತ್ತು ವರ್ಷ ಡ್ರಿಲ್ ಮಾಸ್ಟರಾಗಿದ್ದವರು. ಎದೆಯುಬ್ಬಿಸಿಕೊಂಡು ಗೇಟು ದಾಟಿದರು.

ಗೇಟಿನ ಆಚೆ ಪಕ್ಕದ ಮನೆಯ ಶಂಕರಲಿಂಗಪ್ಪ ನಿಂತಿದ್ದರು. ರಿಟೈರಾದ ಹಾಸ್ಟೆಲ್ ವಾರ್ಡನ್. ಬೀದಿಯ ಕೊನೆಯ ಮನೆಯಲ್ಲಿ ಒಗ್ಗರಣೆ ಹಾಕಿದರೂ ಸಾಸಿವೆ ಎಷ್ಟು, ಜೀರಿಗೆ ಎಷ್ಟು ಎಂದು ಹೇಳಬಲ್ಲ ಮೂಗು ಅವರದು.

"ಮನೆ ಬರ್ಕೊಡ್ತಿದೀರಂತೆ ಮೇಷ್ಟ್ರೇ?"

"ಈಗಿನ್ನೂ ಒಳಗೆ ಮಾತಾಡಿದ್ದು. ನಿಮಗೆ ಹೆಂಗ್ರೀ ಗೊತ್ತಾಯ್ತು?"

"ಅದು ಬುಡಿ. ರಂಜು ಬಂಗಾರ, ಇಲ್ಲ ಅನ್ನಲ್ಲ. ನಾಳೆ ಅಳಿಯ ಬಂದ್ರೆ? ಅವನಪ್ಪ ಬಂದ್ರೆ? ಅವನಪ್ಪನಿಗೂ ಹಜಾರದ ಮಂಚಾನೇ ಬೇಕು ಅಂದ್ರೆ ನೀವು ಎಲ್ಲಿ ಮಲಗ್ತೀರಾ?"

ನಾಗಲಿಂಗಯ್ಯನವರಿಗೆ ಈ ಬೀಗರ ಯೋಚನೆಯೇ ಬಂದಿರಲಿಲ್ಲ. ಇನ್ನೂ ಹುಟ್ಟದ ಆ ಸಂಬಂಧದ ಮೇಲೆ ಆಗಲೇ ಸಿಟ್ಟು ಬಂತು. ಅಷ್ಟರಲ್ಲಿ ಹೂವಿನ ಬುಟ್ಟಿ ಹೊತ್ತ ಕೆಂಚಮ್ಮ ಬುಟ್ಟಿ ಇಳಿಸಿ ಸೊಂಟದ ಮೇಲೆ ಕೈಯಿಟ್ಟಳು.

"ಬರ್ಕೊಡಬ್ಯಾಡ ಕಣಪ್ಪೋ! ಪಾವಗಡದಾಗೆ ನಮ್ ಚಿಕ್ಕತ್ತೆ ಮನೇನ ಮಗನ ಹೆಸ್ರಿಗೆ ಬರ್ದುಳು. ಮಾರ್ನೇ ವಾರ ಅವನು ಟೈಲ್ಸ್ ಹಾಕ್ಸಿ, ಎಲೆಅಡಿಕೆ ಹಾಕ್ಕಂಡು ಒಳೀಕೆ ಬರಬ್ಯಾಡ ಅಂದ್ಬುಟ್ಟ. ಈಗ ಆವಮ್ಮ ಎಲೆಅಡಿಕೆ ಹಾಕ್ಕಬೇಕು ಅಂದ್ರೆ ಬಸ್‌ಸ್ಟ್ಯಾಂಡಿಗೆ ಹೋಯ್ತಾಳೆ."

"ಹಂಗಂತ ಈಗ ಇಲ್ಲ ಅನ್ನೋಕಾಯ್ತದಾ? ಮಗಳಿಗೆ ಮಾತು ಕೊಟ್ಬುಟ್ಟೆ," ಎಂದರು ನಾಗಲಿಂಗಯ್ಯ ಬೆವರುತ್ತಾ.

"ಇಲ್ಲ ಅನ್ನಬೇಡಿ. ಷರತ್ತು ಹಾಕಿ," ಎಂದು ಶಂಕರಲಿಂಗಪ್ಪ ಚಪ್ಪಲಿ ಮೆಟ್ಟಿಕೊಂಡೇಬಿಟ್ಟರು. "ನಡೀರಿ, ಹೆಂಗೂ ಸಾಕ್ಷಿ ಬೇಕಲ್ಲ."

ತಾಲ್ಲೂಕು ಕಚೇರಿ ಪಕ್ಕದ ಹೊಂಗೆ ಮರದಡಿ ಪತ್ರ ಬರೆಯುವ ಚನ್ನಮಲ್ಲಯ್ಯನವರ ಮೇಜು. "ಸಾಯೋಗಂಟ ದಾನಿಗೆ ವಾಸದ ಹಕ್ಕು. ಇದೊಂದು ಷರತ್ತು ಸಾಕು ಸ್ವಾಮಿ, ಎಲ್ಲರೂ ಇಷ್ಟೇ ಬರ್ಸೋದು," ಎಂದರು ಅವರು.

"ಅದು ಮೊದಲ್ನೇದು," ಎಂದರು ಶಂಕರಲಿಂಗಪ್ಪ.

ಎರಡನೆಯದು, ಹಜಾರದ ಮಂಚವನ್ನು ಅಲ್ಲಾಡಿಸತಕ್ಕದ್ದಲ್ಲ. ಮೂರನೆಯದು, ದಿನಕ್ಕೆ ಮೂರು ಕಾಫಿ. ಶಂಕರಲಿಂಗಪ್ಪನವರು ತಿದ್ದಿ "ಬಿಸಿ" ಎಂದು ಸೇರಿಸಿದರು. ಮಧ್ಯೆ ಚಹಾ ಕುಡಿಯಲು ಬಂದ ಇಬ್ಬರು ವಕೀಲರು, ಯಾರೂ ಕೇಳದಿದ್ದರೂ, ಟಿವಿ ರಿಮೋಟಿನ ಸ್ವಾಧೀನದ ಬಗ್ಗೆ ಒಂದು ಷರತ್ತು ಕೊಟ್ಟು ಹೋದರು. ಸೊಪ್ಪಿನ ಸಾರು ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಮಾಡತಕ್ಕದ್ದಲ್ಲ ಎನ್ನುವುದು ನಾಗಲಿಂಗಯ್ಯನವರ ಸ್ವಂತ ಬುದ್ಧಿ. ಮಧ್ಯಾಹ್ನದ ಹೊತ್ತಿಗೆ ಪತ್ರ ಹಬ್ಬಕ್ಕೆ ತವರಿಗೆ ಹೊರಟವಳ ಸಾಮಾನಿನ ಹಾಗೆ ಬೆಳೆದಿತ್ತು. ಹನ್ನೊಂದನೆಯ ಷರತ್ತನ್ನು ನಾಗಲಿಂಗಯ್ಯ ಎದ್ದು ನಿಂತು ಹೇಳಿದರು: "ಮನೆಯ ಯಾವುದೇ ವಿಷಯದಲ್ಲಿ ದಾನಿಯ ಮಾತೇ ಅಂತಿಮ. ಮನೆಯಲ್ಲಿರುವ ಉಳಿದವರೆಲ್ಲರೂ ಅದಕ್ಕೆ ಬದ್ಧರು."

"ಇದು ದಾನಪತ್ರನೋ, ಜೈಲಿನ ರೂಲ್ಸೋ?" ಎಂದು ಗೊಣಗಿದ ಚನ್ನಮಲ್ಲಯ್ಯ ಅದನ್ನೂ ಬರೆದರು.

ಮೂರು ಗಂಟೆಗೆ ಶಿವರಂಜನಿ ಬಂದಳು. ಕೈಯಲ್ಲಿ ಅಪ್ಪನಿಗೆ ಒಂದು ಹೊಸ ಪಂಚೆ ಇತ್ತು. ಪತ್ರ ಓದುತ್ತಾ ಓದುತ್ತಾ ಅವಳ ಮುಖದ ನಗು ಒಂದೊಂದೇ ಷರತ್ತಿಗೆ ಒಂದೊಂದು ಮೆಟ್ಟಿಲು ಇಳಿಯಿತು.

"ಅಪ್ಪಾ, ನಾನು ನಿಮ್ಮ ಮಂಚ ಎಸೀತೀನಾ?"

"ನೀನಲ್ಲ ಕಣಮ್ಮ. ನಿಮ್ಮ ಮಾವ..."

"ಯಾವ ಮಾವ? ನನಗೆ ಮದುವೆನೇ ಆಗಿಲ್ವಲ್ಲ!" ಅವಳ ಕಣ್ಣಲ್ಲಿ ನೀರಿತ್ತು. "ನನಗೆ ಈ ಮನೆ ಬೇಡ. ನನ್ನ ಮೇಲೆ ಇಷ್ಟು ಭಯ ಇಟ್ಕೊಂಡು ಕೊಡಬೇಡಿ."

ನಾಗಲಿಂಗಯ್ಯನವರಿಗೆ ಬೆಳಗ್ಗೆ ಹೊಸ್ತಿಲಲ್ಲಿ ಕಂಡ ಅವಳ ಮುಖ ನೆನಪಾಯಿತು. ಪತ್ರವನ್ನು ಹರಿದುಬಿಡೋಣ ಎಂದು ಕೈ ಚಾಚುವಷ್ಟರಲ್ಲಿ ಪುರಸಭೆಯಿಂದ ಖಾತೆಯ ನಕಲು ಹಿಡಿದು ಇಂದ್ರಮ್ಮ ಬಂದರು. ವರ್ಷ ವರ್ಷ ಕಂದಾಯ ಕಟ್ಟುತ್ತಿದ್ದವರು ಅವರೇ. ನಾಗಲಿಂಗಯ್ಯ ಪುರಸಭೆಯ ಮೆಟ್ಟಿಲು ಹತ್ತಿದವರಲ್ಲ.

ಚನ್ನಮಲ್ಲಯ್ಯ ನಕಲು ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು.

"ಸ್ವಾಮಿ, ಈ ಮನೆ ನೀವು ಹೆಂಗೆ ದಾನ ಕೊಡ್ತೀರಾ? ಮಾಲೀಕರು ಇಂದ್ರಮ್ಮ ಅಂತ ಐತೆ."

"ಯಾವ ಇಂದ್ರಮ್ಮ?" ಎಂದರು ನಾಗಲಿಂಗಯ್ಯ.

"ನಾನೇ ಕಣ್ರೀ," ಎಂದರು ಇಂದ್ರಮ್ಮ. "ಟೂರಿಂಗ್ ಟಾಕೀಸಿಗೆ ಪಾಲುದಾರ ಆಗ್ತೀನಿ ಅಂತ ಸಿರಾಕ್ಕೂ ಪಾವಗಡಕ್ಕೂ ಓಡಾಡ್ತಿದ್ರಲ್ಲ, ಆ ವರ್ಷ ನೀವು ಮನೆ ಎಲ್ಲಿ ಕಳೀತೀರೋ ಅಂತ ಮಾವನೋರು ಹೆದರ್ಕಂಡು ನನ್ನ ಹೆಸ್ರಿಗೆ ರಿಜಿಸ್ಟ್ರು ಮಾಡ್ಸಿದ್ರು."

"ಇಷ್ಟು ವರ್ಷ ಹೇಳ್ಲಿಲ್ಲ!"

"ನೀವು ಕೇಳ್ಲಿಲ್ಲ. ಗೊತ್ತೈತೆ ಅಂತಲೇ ಅಂದ್ಕಂಡಿದ್ದೆ."

"ದಿನಾ ನನ್ನ ಮನೆ, ನನ್ನ ಮನೆ ಅಂತಿದ್ನಲ್ಲೇ!"

"ಕಂಡಕ್ಟರು ನನ್ನ ಬಸ್ಸು ಅನ್ನಲ್ವಾ? ಹಂಗೆ ಅಂದ್ಕಂಡೆ."

ಅಳುತ್ತಿದ್ದ ಶಿವರಂಜನಿಗೆ ನಗು ತಡೆಯಲಾಗಲಿಲ್ಲ. ಶಂಕರಲಿಂಗಪ್ಪನವರು ಮುಖಕ್ಕೆ ಕರವಸ್ತ್ರ ಅಡ್ಡ ಹಿಡಿದು ಹೊಂಗೆ ಮರದ ಕಡೆ ತಿರುಗಿಕೊಂಡರು.

ಇಂದ್ರಮ್ಮ ಪತ್ರ ತೆಗೆದುಕೊಂಡು ನಿಧಾನವಾಗಿ, ಬೆರಳಿಟ್ಟು, ಹನ್ನೊಂದೂ ಷರತ್ತು ಓದಿದರು. "ರಂಜು, ಇವೆಲ್ಲ ನಿಂಗೆ ಒಪ್ಪಿಗೆನಾ?"

"ನೀನು ಹಾಕೋದಾದ್ರೆ ಒಪ್ಪಿಗೆ ಕಣಮ್ಮ."

"ಹಂಗಾದ್ರೆ ಒಂದನ್ನೂ ಹೊಡೆದು ಹಾಕಬೇಡಿ ಚನ್ನಮಲ್ಲಯ್ಯನೋರೇ, ಬಲು ಚೆನ್ನಾಗಿ ಬರ್ಸವ್ರೆ. ಇವರ ಹೆಸ್ರಿರೋ ಕಡೆ ನನ್ನ ಹೆಸ್ರು ಹಾಕಿ ಅಷ್ಟೇ. ಸೊಪ್ಪಿನ ಸಾರಿಂದು ಮಾತ್ರ, ವಾರಕ್ಕೆ ಐದು ಸಲಕ್ಕೆ ಕಮ್ಮಿ ಇಲ್ಲ ಅಂತ ಮಾಡಿ."

ನಾಗಲಿಂಗಯ್ಯ ಹನ್ನೊಂದನೆಯ ಷರತ್ತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿಕೊಂಡರು. "ಉಳಿದವರೆಲ್ಲರೂ ಅದಕ್ಕೆ ಬದ್ಧರು" ಎನ್ನುವ ಕಡೆ ಬಂದಾಗ, ಆ ಉಳಿದವರಲ್ಲಿ ಈಗ ತಾವೂ ಒಬ್ಬರೆಂದು ಹೊಳೆಯಿತು.

"ಅಲ್ಲಾ, ಈ ಪತ್ರದಾಗೆ ನಾನು ಎಲ್ಲೂ ಇಲ್ವಲ್ಲ?" ಎಂದರು ಸಣ್ಣ ದನಿಯಲ್ಲಿ.

"ಯಾಕಿಲ್ಲ ಸ್ವಾಮಿ?" ಚನ್ನಮಲ್ಲಯ್ಯ ಕಡೆಯ ಹಾಳೆ ತಿರುವಿ, ಶಂಕರಲಿಂಗಪ್ಪನವರ ರುಜುವಿನ ಕೆಳಗೆ ಬೆರಳಿಟ್ಟು ಪೆನ್ನು ಚಾಚಿದರು. "ಎರಡನೇ ಸಾಕ್ಷಿ ಜಾಗ ಖಾಲಿ ಐತೆ. ಇಲ್ಲಿ ಹಾಕಿ."