ಬೆಟಗೇರಿಗೆ ಬಂದ ಹಾಯಿದೋಣಿ

ಬೆಟಗೇರಿಯಲ್ಲಿ ನನ್ನದೊಂದು ಫೈಬರ್ ವರ್ಕ್‌ಶಾಪ್ ಇದೆ. ನೀರಿನ ಟಾಕಿ, ಬಾತ್‌ರೂಮಿನ ಬಾಗಿಲು ಮಾಡುತ್ತೇನೆ. ಫೈಬರ್ ಮೈಗೆ ತಾಗಿದರೆ ತುರಿಕೆ, ತೊಳೆದರೆ ಹೋಗುತ್ತದೆ. ಗಿರಾಕಿಗಳು ಹಾಗೆ ಹೋಗುವವರಲ್ಲ. ವರ್ಷಕ್ಕೊಬ್ಬರಾದರೂ ಗಂಟುಬೀಳುತ್ತಾರೆ. ಈ ಸಲ ಬಿದ್ದವರು ಲಕ್ಷ್ಮೇಶ್ವರದ ಹತ್ತಿ ಸಾವಕಾರರು.

ಗಾದಿ

ಸಾವಕಾರರು ಗೋವಾದಿಂದ ಹಳೆಯ ಹಾಯಿದೋಣಿಯೊಂದನ್ನು ಲಾರಿಯಲ್ಲಿ ಹೇರಿಕೊಂಡು ಬಂದರು. ಸೀಗಿ ಹುಣ್ಣಿಮೆಗೆ ಮಗಳನ್ನು ಕೊಟ್ಟ ಹೊಸ ಬೀಗರನ್ನು ಕೂರಿಸಿಕೊಂಡು ಊರ ಕೆರೆಯಲ್ಲಿ ತೇಲಬೇಕಂತೆ. ಬೀಗರಿಗೆ ಹೇಳಿಯೂ ಆಗಿತ್ತು. ನಾನು ಡೆಕ್ ಮೇಲೆ, ಅಂದರೆ ಜನ ಅಡ್ಡಾಡುವ ಮೇಲ್ಭಾಗದಲ್ಲಿ, ಕಾಲಿಟ್ಟೆ. ಕುಸಿಯಿತು. ಬೀಗರ ಕಾಲು ಇಲ್ಲಿ ಒಳಗಿಳಿದರೆ ಸಾವಕಾರರ ಮಾನವೂ ಹೋಯಿತು, ನನ್ನ ಹೆಸರೂ ಹೋಯಿತು.

"ಸಾವಕಾರ್ರ, ಮೆತ್ತಗ ಆಗೇತಲ್ರಿ."

"ಹೌದ್ರಿ! ಅದನ್ನ ನೋಡೇ ತಗೊಂಡೀನಿ. ಗಾದಿ ಮ್ಯಾಲೆ ಅಡ್ಡಾಡಿದಂಗ ಆಕ್ಕೈತಿ."

ಜೀವಮಾನವಿಡೀ ಹತ್ತಿ ಹಿಚುಕಿ ನೋಡಿ ಕೊಂಡವರಿಗೆ ದೋಣಿಯೂ ಮೆತ್ತಗೇ ಬೇಕು.

ತೂತು

ಮೇಲಿನ ಫೈಬರ್ ಪದರ ಕೊಯ್ದು ತೆಗೆದೆ. ಎರಡು ಪದರಗಳ ನಡುವಿನ ಕಟ್ಟಿಗೆ ಕೊಳೆತು ನೆನೆಸಿದ ಅವಲಕ್ಕಿಯಾಗಿತ್ತು. ಮೂಲ ಹುಡುಕಿದರೆ, ದೋಣಿಯ ಮೂತಿಯ ಹತ್ತಿರ ಯಾರೋ ಮೊಳೆ ಹೊಡೆದಿದ್ದ ತೂತುಗಳು. ಅಲ್ಲಿಂದ ನೀರಿಳಿದು ಎಲ್ಲ ಕೊಳೆತಿತ್ತು. ಸಾವಕಾರರಿಗೆ ತೋರಿಸಿದೆ.

"ಯಾವ ಹುಚ್ಚ ಹೊಡದಾನ್ರಿ ಇದನ್ನ? ದೋಣಿಗೆ ಯಾರರ ಮೊಳಿ ಹೊಡೀತಾರೇನು?" ಎಂದು ಚಹಾ ಆರುವ ತನಕ ಬೈದರು.

ಒಂದು ಮಾತಾದರೂ ತಲೆಗೆ ಹೋಯಿತಲ್ಲ ಎಂದು ನನಗೆ ಖುಷಿಯಾಯಿತು. ನಾನೂ ಅಷ್ಟೇ ಹುಚ್ಚ.

ಸ್ಲ್ಯಾಬ್

ಹೊಸ ಕಟ್ಟಿಗೆ ಕೂರಿಸಿ, ಫೈಬರ್ ಬಟ್ಟೆ ಹಾಸಿ, ಅಂಟು ಸವರಿ, "ಗಟ್ಟಿ ಆಗೂತನಕ ಯಾರೂ ಮುಟ್ಟಬ್ಯಾಡ್ರಿ" ಎಂದು ಹೇಳಿ ಊಟಕ್ಕೆ ಹೋದೆ. ಬರುವಷ್ಟರಲ್ಲಿ ಸಾವಕಾರರ ಹೆಂಡತಿಯ ತಮ್ಮ, ಮನೆ ಕಟ್ಟಿಸುವ ಗುತ್ತಿಗೆದಾರ, ಡೆಕ್ ಸುತ್ತ ಮಣ್ಣಿನ ಬದು ಕಟ್ಟಿ ಕೊಡಗಟ್ಟಲೆ ನೀರು ಸುರಿಯುತ್ತಿದ್ದ.

"ಏನ್ ಮಾಡಾಕತ್ತೀರಿ?"

"ಸ್ಲ್ಯಾಬ್ ಹಾಕಿ ನೀರು ನಿಲ್ಲಸಲಿಲ್ಲಂದ್ರ ಬಿರಕ ಬಿಡತೈತ್ರಿ. ಇಷ್ಟೂ ಗೊತ್ತಿಲ್ಲೇನು ನಿಮಗ?"

ಹಸಿ ಅಂಟಿಗೆ ನೀರು ಬಿದ್ದರೆ ಅದು ಹಿಡಿಯುವುದೇ ಇಲ್ಲ. ಎಲ್ಲ ಕಿತ್ತು ಮತ್ತೆ ಮಾಡಿದೆ. ಕೆರೆಗೆ ಇಳಿಯುವ ಮೊದಲೇ ದೋಣಿಗೆ ನೀರು ತುಂಬಿಸಿದ ಪುಣ್ಯಾತ್ಮ, ಆಮೇಲೆ ನನ್ನ ಕೆಲಸ ನಿಧಾನ ಎಂದು ಊರೆಲ್ಲ ಹೇಳಿಕೊಂಡು ಬಂದ.

ಲಾಳ

ಹುಣ್ಣಿಮೆಯ ದಿನ ಕೆರೆಯ ದಂಡೆಗೆ ಹೋದೆ. ಬೀಗಿತ್ತಿಯರು ರೇಷ್ಮೆ ಸೀರೆಯುಟ್ಟು, ಬುತ್ತಿ ಕಟ್ಟಿಕೊಂಡು ಆಗಲೇ ಡೆಕ್ ಮೇಲೆ ನಿಂತಿದ್ದರು. ಡೆಕ್ ಕಲ್ಲಿನಂತೆ ಗಟ್ಟಿಯಾಗಿತ್ತು. ಎದೆಯುಬ್ಬಿಸಿಕೊಂಡು ನಿಂತೆ. ಅಷ್ಟರಲ್ಲಿ ಠಣ್ ಠಣ್ ಸದ್ದು. ಓಡಿದೆ. ಸಾವಕಾರರು ದೃಷ್ಟಿಯಾಗಬಾರದೆಂದು ಮೂತಿಯ ಹತ್ತಿರ, ಹಳೆಯ ತೂತುಗಳಿದ್ದ ಜಾಗದಲ್ಲೇ, ಕುದುರೆ ಲಾಳ ಇಟ್ಟು ಕೊನೆಯ ಮೊಳೆ ಹೊಡೆಯುತ್ತಿದ್ದರು.

ಪಿತ್ತ ನೆತ್ತಿಗೇರಿತು. "ಸಾವಕಾರ್ರ, ಮೊಳಿ ಹೊಡದಾವ ಹುಚ್ಚ ಅಂತ ನೀವ ಅಂದಿದ್ರೆಲ್ಲ!"

ಸಾವಕಾರರು ಸುತ್ತಿಗೆ ಕೆಳಗಿಟ್ಟು, ಲಾಳಕ್ಕೆ ಕುಂಕುಮ ಹಚ್ಚಿ, ನನ್ನನ್ನು ಕನಿಕರದಿಂದ ನೋಡಿದರು.

"ಆವ ಪೂಜಿ ಮಾಡದ ಹೊಡದಿದ್ದ್ರಿ. ನಾವು ಪೂಜಿ ಮಾಡಿ ಹೊಡದೇವಿ."