ಬಂಡೆಯ ಮೇಲೆ ಉಳಿದ ಕಲ್ಲು

ನಾಚಿಕೆಯವರ ಸಿಟ್ಟು ಬಹಳ ಕೆಟ್ಟದ್ದು ಮೊಮ್ಮಕ್ಕಳೇ. ಬಾಯಿಜೋರಿನವರು ಬೈದು, ನೀರು ಕುಡಿದು, ಮರೆತುಬಿಡುತ್ತಾರೆ. ನನ್ನಂಥವಳ ಸಿಟ್ಟು ಒಲೆಯ ಮೇಲೆ ಮರೆತ ಬೇಳೆಯ ಹಾಗೆ ಒಳಗೇ ತಳ ಹಿಡಿಯುತ್ತದೆ. ನಿಮ್ಮ ಮುತ್ಯಾನ ಮೇಲೆ ಸಿಟ್ಟು ಬಂದಾಗ ನಾನು ರೊಟ್ಟಿಯನ್ನು ಜೋರಾಗಿ ಬಡಿಯುತ್ತಿದ್ದೆ. "ಇವತ್ತ ರೊಟ್ಟಿ ಭಾಳ ತೆಳ್ಳಗಾಗ್ಯಾವ" ಎಂದು ಅವರು ಎರಡು ಹೆಚ್ಚು ತಿನ್ನುತ್ತಿದ್ದರು. ಬದುಕಿರುವ ತನಕ ನನ್ನ ಸಿಟ್ಟು ಅವರಿಗೆ ಮುಟ್ಟಲೇ ಇಲ್ಲ.

ಕಾಡುನಡಿಗೆ ಎಂದು ನೀವು ನನ್ನನ್ನು ಶಹಾಪುರದ ಗುಡ್ಡಕ್ಕೆ ಎಳೆದುಕೊಂಡು ಹೋದಿರಲ್ಲ, ಮದುವೆಗೆ ಮುಂಚೆ ಕಸಬರಿಗೆ ಹುಲ್ಲು ತರಲು ನಾವು ದಿನಾ ಹತ್ತುತ್ತಿದ್ದ ಗುಡ್ಡ ಅದು. ಕವಲುದಾರಿಯಲ್ಲಿ ಒಂದು ಚಪ್ಪಟೆ ಬಂಡೆ ಇದೆ. ಹತ್ತುವವಳು ಅದರ ಮೇಲೆ ಒಂದು ಕಲ್ಲು ಇಡಬೇಕು, ಇಳಿದಾಗ ತನ್ನ ಕಲ್ಲನ್ನು ತೆಗೆಯಬೇಕು. ಒಂದು ಕಲ್ಲು ಉಳಿದರೂ ಯಾರೋ ಮೇಲೇ ಇದ್ದಾರೆಂದು ಎಲ್ಲರೂ ತಿರುಗಿ ಹತ್ತುತ್ತಿದ್ದರು. ಕಾಲು ಉಳುಕಿ ಬಿದ್ದಿದ್ದ ನನ್ನನ್ನು ಒಮ್ಮೆ ಹೀಗೇ ಹುಡುಕಿ ಹೊತ್ತು ತಂದರು. ಆ ಕಲ್ಲು ಇಲ್ಲದಿದ್ದರೆ ನಿಮ್ಮಪ್ಪನೂ ಇಲ್ಲ, ನೀವೂ ಇಲ್ಲ.

ಅದಕ್ಕೇ ನಿಮ್ಮ ಕೈಯಲ್ಲೂ ಒಂದೊಂದು ಕಲ್ಲು ಇಡಿಸಿದೆ. ಕೊರಳಿಗೆ ಸೀಟಿ ಕಟ್ಟಿಕೊಂಡ ಆ ಗೈಡ್ ಓಡಿ ಬಂದ.

"ಯಾರ್ರಿ ಇಲ್ಲಿ ಕಲ್ಲು ಇಟ್ಟೋರು? ನಿಸರ್ಗ ಹ್ಯಾಂಗ ಐತೋ ಹಾಂಗ ಬಿಡ್ರಿ! ಇಂಥ ಮೂಢನಂಬಿಕಿ ಇಲ್ಲಿ ನಡಿಯಂಗಿಲ್ಲ!"

ಬೂಟುಗಾಲಿನಿಂದ ಎಲ್ಲವನ್ನೂ ಉರುಳಿಸಿದ. "ಆಯಿ, ನೀ ಹೇಳಲ್ಲಾ ಅವಗ" ಎಂದು ನಿಮ್ಮೊಳಗೆ ಸಣ್ಣವಳಾದ ಶಿವಲೀಲಾ ನನ್ನನ್ನು ತಿವಿದಳು. ನಾನು ಸೆರಗು ಬಿಗಿ ಮಾಡಿಕೊಂಡೆ. ಮೂಢನಂಬಿಕೆಯಂತೆ! ಅವನು ಮುಂದೆ ಹೋದ ಮೇಲೆ ನನ್ನ ಕಲ್ಲನ್ನು ಎತ್ತಿ ಮತ್ತೆ ಬಂಡೆಯ ಮೇಲೆ ಇಟ್ಟೆ. ನನ್ನ ಕೈಲಾದ ಜಗಳ ಅಷ್ಟೇ.

ಅರ್ಧ ಗುಡ್ಡಕ್ಕೆ ಅವನು ಇನ್ನೊಂದು ಉಪಕಾರ ಮಾಡಿದ. "ಅಮ್ಮಾರ, ನಿಮಗ ಗುಡ್ಡ ಹತ್ತಿ ರೂಢಿ ಇಲ್ಲ. ಇಲ್ಲೇ ನೆಳ್ಳಾಗ ಕೂಡ್ರಿ, ನಾವು ನೋಡಿ ಬರ್ತೀವಿ."

ನನಗೆ ರೂಢಿ ಇಲ್ಲ! ನೀವು ಮರೆಯಾದದ್ದೇ ತಡ, ಹುಲ್ಲಿನ ಹೊರೆಗಳನ್ನಷ್ಟೇ ಕೆಳಗೆ ಉರುಳಿಸುತ್ತಿದ್ದ ಹಿಂದಿನ ದಾರಿ ಹಿಡಿದು ದಡದಡ ಇಳಿದು, ಗೇಟಿನ ಹತ್ತಿರ ಚಹಾ ಕುಡಿಯುತ್ತ ಕುಳಿತೆ. ಮೇಲೆ ಸೀಟಿಯ ಮೇಲೆ ಸೀಟಿ. ಯಾರನ್ನೋ ಕಳೆದುಕೊಂಡಿದ್ದಾನೆ, ಅನುಭವಿಸಲಿ, ಕಲ್ಲು ಇದ್ದಿದ್ದರೆ ತಿಳಿಯುತ್ತಿತ್ತು ಎಂದುಕೊಂಡು ಇನ್ನೊಂದು ಚಹಾ ಹೇಳಿದೆ. ಅಷ್ಟು ರುಚಿಯ ಚಹಾ ನಾನು ಕುಡಿದೇ ಇಲ್ಲ.

ತಾಸು ಕಳೆದ ಮೇಲೆ ನೀವೆಲ್ಲ ಇಳಿದು ಬಂದಿರಿ. ಗೈಡಿನ ಅಂಗಿ ಹಿಂಡುವಷ್ಟು ಒದ್ದೆ. ಶಿವಲೀಲಾ ಅಳುತ್ತಿದ್ದಳು, ಅವಳ ಕೈಯಲ್ಲಿ ನನ್ನ ಕಲ್ಲು.

"ಆಯಿ! ನೀ ಕುಂತಲ್ಲಿ ಇರಲಿಲ್ಲ. ಕೆಳಗ ಹೋಗ್ಯಾರ ಅಂತ ಈ ಗೈಡ್ ಅಂದ್ರು. ಬಂಡೆ ಮ್ಯಾಲ ನಿನ್ನ ಕಲ್ಲು ಹಾಂಗೇ ಇತ್ತು. ಕಲ್ಲು ಐತಿ ಅಂದ್ರ ಆಯಿ ಮ್ಯಾಲೇ ಅದಾಳ ಅಂತ ನಾನಽ ಹಟ ಮಾಡಿ ಎಲ್ಲಾರ್ನೂ ಮತ್ತ ಗುಡ್ಡ ಹತ್ತಿಸ್ದೆ!"

ಹಿಂದಿನ ದಾರಿಗೆ ಆ ಬಂಡೆ ಸಿಗುವುದಿಲ್ಲ. ಸಿಟ್ಟಿನಲ್ಲಿ ನನಗೆ ಅದು ನೆನಪೇ ಆಗಲಿಲ್ಲ.

ಗೈಡ್ ನೆಲಕ್ಕೇ ಕುಸಿದು ಕುಳಿತ. "ಅಮ್ಮಾರ, ಇಡಾದು ಕಲಿಸೀರಿ, ಛಲೋ ಆತು. ತೆಗಿಯಾದು ಯಾರು ಕಲಿಸಬೇಕ್ರಿ?"

ನನ್ನ ಕೈಯಲ್ಲಿದ್ದ ಚಹಾವನ್ನು ಅವನ ಮುಂದೆ ಸರಿಸಿದೆ.

ಮನೆಗೆ ಬಂದವಳೇ ಒಲೆ ಹೊತ್ತಿಸಿ ರೊಟ್ಟಿ ಬಡಿಯಲು ಕುಳಿತೆ. ಸಿಟ್ಟು ಯಾರ ಮೇಲೆ ಎಂದು ನೀವು ಕೇಳಲಿಲ್ಲ. "ಇವತ್ತ ಎಷ್ಟ ತೆಳ್ಳಗಾಗ್ಯಾವ ಆಯಿ!" ಎಂದು ಎರಡೆರಡು ಹೆಚ್ಚು ತಿಂದಿರಿ.